ಆಷಾಢದಲ್ಲಿ ಸಿಕ್ಕಿಬಿದ್ದ ಹೀರೋ

ಸೂಪರ್‌ಹೀರೋ ಆಟಗಳ ಮಟ್ಟಿಗೆ ಕಂಪ್ಯೂಟರ್ ಇಟ್ಟುಕೊಂಡವರ ಹಣೆಬರಹ ಯಾವತ್ತೂ ನೆಟ್ಟಗಿರಲಿಲ್ಲ. ಭದ್ರಾವತಿಯಲ್ಲಿ ಹೈಸ್ಕೂಲು ಓದುವಾಗ ಸಿ.ಡಿ. ಅಂಗಡಿಯಿಂದ ಅಂಥದ್ದೊಂದು ಆಟ ತಂದಿದ್ದೆ. ಡಬ್ಬಿಯ ಮೇಲೆ ಹೀರೋ ಇಡೀ ನಗರದ ಮೇಲೆ ಹಾರುತ್ತಿದ್ದ. ಒಳಗೆ ನೋಡಿದರೆ ನಾಲ್ಕು ಬೀದಿ. ಬಾಣದ ಗುರುತು ತೋರಿಸಿದ ಕಡೆ ಮಾತ್ರ ಹಾರಬೇಕು, ಆಚೀಚೆ ತಿರುಗಿದರೆ ಕಣ್ಣಿಗೆ ಕಾಣದ ಗೋಡೆಗೆ ತಲೆ ಬಡಿಯುತ್ತಿತ್ತು. ಟಿವಿಗೆ ಜೋಡಿಸುವ ಗೇಮ್ ಬಾಕ್ಸ್ ಇದ್ದವರಿಗೆ ನಿಜವಾದ ಆಟ, ನಮಗೆ ಅದೇ ಹೆಸರಿನ ಸುಳ್ಳು ಆಟ. ಅಂಗಡಿಯವನನ್ನು ಕೇಳಿದರೆ, "ಕಂಪ್ಯೂಟರ್‌ದು ಹಂಗೇ ಬರೋದಮ್ಮ" ಎಂದ. ಆ ವಯಸ್ಸಿನಲ್ಲಿ ನಾನದನ್ನು ನಂಬಿದೆ.

ಆಮೇಲೆ ಮದುವೆ ಕಾರ್ಡು, ಫ್ಲೆಕ್ಸ್ ಡಿಸೈನ್ ಮಾಡುವ ಅಂಗಡಿಯಲ್ಲಿ ಕೆಲಸಕ್ಕೆ ಸೇರಿದೆ. ಸಂಬಳದಲ್ಲಿ ಒಂದೊಂದೇ ಭಾಗ ತಂದು ನನ್ನದೇ ಕಂಪ್ಯೂಟರ್ ಜೋಡಿಸಿಕೊಂಡೆ. ಮನೆಯಲ್ಲಿ ಕೇಳಿದವರಿಗೆಲ್ಲ ಡಿಸೈನಿಂಗಿಗೆ ಎನ್ನುತ್ತಿದ್ದೆ. ಆಡುವುದಕ್ಕೂ ಹೌದು ಎಂದು ಗೊತ್ತಿದ್ದವರು ಕಡಿಮೆ. ನನ್ನನ್ನು ನೋಡಲು ಬಂದ ಹುಡುಗ ತಾನೂ ಗೇಮ್ ಆಡುತ್ತೇನೆ ಎಂದಾಗ, ನಿಜ ಹೇಳುತ್ತೇನೆ, ಒಪ್ಪಿಕೊಳ್ಳಲು ನನಗೆ ಅಷ್ಟೇ ಸಾಕಾಯಿತು.

ಅವರ ಮನೆ ಶಿವಮೊಗ್ಗದ ಸವಳಂಗ ರಸ್ತೆಯಲ್ಲಿ. ಕೆಳಗೆ ಟೈಲ್ಸ್ ಅಂಗಡಿ, ಮೇಲೆ ಮನೆ. ಗೇಮ್ ಬಾಕ್ಸ್ ಇದ್ದದ್ದು ಹಾಲಿನ ದೊಡ್ಡ ಟಿವಿಯ ಕೆಳಗೆ. ರಾತ್ರಿ ಊಟಕ್ಕೆ ಮುಂಚೆ ಅವರು ಕಾಲು ಚಾಚಿ ಕೂತು ಹೀರೋನನ್ನು ಕಟ್ಟಡದಿಂದ ಕಟ್ಟಡಕ್ಕೆ ಹಾರಿಸುತ್ತಿದ್ದರು. ನಾನು ಅಡುಗೆಮನೆ ಬಾಗಿಲಲ್ಲಿ ನಿಂತು ನೋಡುತ್ತಿದ್ದೆ. ಒಮ್ಮೆ, "ಬಾ, ನೀನೂ ಆಡು" ಎಂದು ಆಟದ ರಿಮೋಟ್ ಕೈಗೆ ಕೊಟ್ಟರು. ಅತ್ತೆ ಬೆಳ್ಳುಳ್ಳಿ ಸುಲಿಯುವುದನ್ನು ನಿಲ್ಲಿಸಿ ನನ್ನ ಕೈ ನೋಡಿದರು, ಅಷ್ಟೇ. ಹೊಸ ಸೊಸೆಗೆ ಅಷ್ಟು ಸಾಕು. ವಾಪಸ್ ಕೊಟ್ಟು ಎದ್ದುಬಂದೆ. ನನ್ನ ಕಂಪ್ಯೂಟರ್ ತವರಿನಲ್ಲೇ ಇತ್ತು. ಅದನ್ನು ತರುವ ಮಾತೆತ್ತಿದಾಗಲೆಲ್ಲ, ಗಂಡ "ಆಮೇಲೆ ನೋಡೋಣ" ಎನ್ನುತ್ತಿದ್ದರು.

ಹೀಗಾಗಿ ಮದುವೆಯಾದ ಮೊದಲ ಆಷಾಢ ಬಂದಾಗ ನನಗೆ ಒಳಗೊಳಗೇ ಖುಷಿ. ಆ ತಿಂಗಳು ಅತ್ತೆ ಸೊಸೆ ಒಂದೇ ಹೊಸ್ತಿಲು ತುಳಿಯಬಾರದು, ಅಳಿಯ ಅತ್ತೆಮನೆಯ ಹೊಸ್ತಿಲು ದಾಟಬಾರದು. ಹೊಸ ಹೆಂಡತಿಯರೆಲ್ಲ ಗಂಡನನ್ನು ಬಿಟ್ಟು ಹೋಗುವಾಗ ಕಣ್ಣೊರೆಸಿಕೊಳ್ಳುತ್ತಾರಂತೆ. ನಾನು ಭದ್ರಾವತಿಯ ಬಸ್ಸಿನಲ್ಲಿ ಕೂತು, ನನ್ನ ಗಂಡ ಆಡುತ್ತಿದ್ದ ಅದೇ ಹೀರೋನ ಆಟದ ಕಂಪ್ಯೂಟರ್ ಆವೃತ್ತಿಯನ್ನು ಫೋನಿನಲ್ಲೇ ಕೊಂಡುಕೊಂಡೆ.

ಕೆಟ್ಟದ್ದು ಅಲ್ಲಿಂದಲೇ ಶುರುವಾಯಿತು. ಆಟ ತೆರೆದರೆ "ಸಿದ್ಧವಾಗುತ್ತಿದೆ" ಎಂಬ ಪಟ್ಟಿ ಆಮೆಯ ಹಾಗೆ ತೆವಳುತ್ತಿತ್ತು. ಇಷ್ಟವಾಗದ ಆಟವನ್ನು ಸ್ವಲ್ಪ ಹೊತ್ತಿನೊಳಗೆ ಹಿಂದಿರುಗಿಸಬಹುದು ಎಂಬ ನಿಯಮವೇನೋ ಇತ್ತು. ನನ್ನ ಪಾಲಿನ ಹೊತ್ತೆಲ್ಲ ಆ ಪಟ್ಟಿ ತುಂಬುವುದನ್ನು ನೋಡುವುದರಲ್ಲೇ ಕಳೆದುಹೋಯಿತು. ಕೊನೆಗೂ ನಗರ ಕಾಣಿಸಿತು. ಹೀರೋ ಛಾವಣಿಯಿಂದ ಜಿಗಿದ, ನಡುಗಾಳಿಯಲ್ಲಿ ಕೈಚಾಚಿ ನಿಂತುಬಿಟ್ಟ. ಮತ್ತೆ ಜೀವ ಬಂದಾಗ ರಸ್ತೆಯನ್ನೇ ತೂರಿಕೊಂಡು ಕೆಳಗೆ ಬಿದ್ದ. ಅಲ್ಲಿ ಏನೂ ಇರಲಿಲ್ಲ, ಬರೀ ಬೂದು ಬಣ್ಣ. ತಲೆಯ ಮೇಲೆ ನಗರ ತಲೆಕೆಳಗಾಗಿ ಕಾಣುತ್ತಿತ್ತು, ಜನರ ಅಂಗಾಲು ಓಡಾಡುತ್ತಿದ್ದವು. ಪರದೆಯ ಮೇಲೆ ತ್ರಿಕೋನದ ಬಟನ್ ಒತ್ತಿ ಎಂಬ ಸೂಚನೆ ಬಂತು. ಗೇಮ್ ಬಾಕ್ಸಿನ ರಿಮೋಟಿನಲ್ಲಾದರೆ ಅದಿರುತ್ತದೆ, ನನ್ನ ಕೀಬೋರ್ಡಿನಲ್ಲಿ ತ್ರಿಕೋನ ಎಲ್ಲಿಂದ ತರಲಿ? ಆಟದಿಂದ ಹೊರಗೆ ಬರೋಣವೆಂದರೆ ಮೌಸೂ ಕೇಳಲಿಲ್ಲ.

ಗಂಡನಿಗೆ ಫೋನ್ ಮಾಡಿದೆ.

"ನಂಗಿಲ್ಲಿ ಬೆಣ್ಣೆ ಥರ ಓಡ್ತಿದೆಯಲ್ಲೇ" ಎಂದರು.

"ಕಂಪ್ಯೂಟರಿಗೆ ಮಾಡಿರೋದು ಸರಿಯಿಲ್ಲ ರೀ."

"ಆಟ ಅದೇ ಅಲ್ವಾ ಮಾರಾಯ್ತಿ? ನಿನ್ ಡಬ್ಬಾ ಹಳೇದಾಯ್ತು. ಯಾರಿಗಾದ್ರೂ ಕೊಟ್ಟುಬಿಡು. ಇಲ್ಲಿ ಹೆಂಗೂ ಎಲ್ಲ ಇದೆಯಲ್ಲ."

ಎಲ್ಲ ಇದೆಯಲ್ಲ! ಬಾಗಿಲಲ್ಲಿ ನಿಂತು ನೋಡಲು ಎಲ್ಲ ಇತ್ತು. ಯಾರೋ ಅವಸರದಲ್ಲಿ ಕೆಡಿಸಿಟ್ಟ ಆಟಕ್ಕೆ ನನ್ನ ಕಂಪ್ಯೂಟರ್ ತಲೆ ಕೊಡಬೇಕಾಗಿ ಬಂತಲ್ಲ ಎಂದು ಮೈಯೆಲ್ಲ ಉರಿಯಿತು. ತಪ್ಪು ಆಟದ್ದು ಎಂದು ತೋರಿಸದಿದ್ದರೆ ಈ ಕಂಪ್ಯೂಟರ್ ಶಿವಮೊಗ್ಗದ ಮೆಟ್ಟಿಲು ಹತ್ತುವುದಿಲ್ಲ ಎಂಬುದು ಅವತ್ತೇ ಖಾತ್ರಿಯಾಯಿತು.

ದಿನವಿಡೀ ಅದೇ ಕೆಲಸವಾಯಿತು. ಚಿತ್ರದ ಗುಣಮಟ್ಟ ಇಳಿಸಿದೆ, ನೆರಳು ತೆಗೆದೆ, ಮಳೆ ತೆಗೆದೆ. ಹೀರೋನ ಮುಖವೇ ಮಾಯವಾಗಿ ಕಣ್ಣು ಹಲ್ಲು ಮಾತ್ರ ಉಳಿದವು. ಬೇರೆ ಏನು ಮಾಡಲಿ? ಹಳೆಯ ಅಂಗಡಿಗೆ ಹೋಗಿ ಒಂದಷ್ಟು ಕಾರ್ಡು ಮಾಡಿಕೊಡುತ್ತೇನೆಂದರೆ ಅಮ್ಮ ಬಿಡಲಿಲ್ಲ.

"ಆಷಾಢಕ್ಕೆ ಬಂದ ಮಗಳು ಅಂಗಡೀಲಿ ಕೂತ್ರೆ, ಗಂಡನ ಮನೆಯೋರು ದುಡಿಯೋಕೆ ಕಳ್ಸಿದ್ರಾ ಅಂತಾರೆ ಕಣೇ."

ಅಡುಗೆಮನೆಗೆ ಹೋದರೂ, "ಅಲ್ಲಿ ಮಾಡೋದು ಇದ್ದೇ ಇದೆ, ಕೂತ್ಕೋ" ಎನ್ನುವಳು. ಹುಟ್ಟಿದ ಮನೆಯಲ್ಲಿ ನೆಂಟಳಾಗಿದ್ದೆ. ಅಲ್ಲಿ ಕೂರುವ ಹಾಗಿಲ್ಲ, ಇಲ್ಲಿ ಏಳುವ ಹಾಗಿಲ್ಲ. ಅಮ್ಮ ವಿಭೂತಿ ಹಚ್ಚಿಕೊಂಡು ಪೂಜೆ ಮುಗಿಸಿ ಬಂದವಳು ಪರದೆ ನೋಡುತ್ತ ನಿಲ್ಲುವಳು.

"ಇವತ್ತೂ ಅಲ್ಲೇ ನಿಂತಿದ್ದಾನಾ?"

"ಹೂಂ. ಸಿಕ್ಕಿಹಾಕ್ಕೊಂಡಿದ್ದಾನೆ."

"ಪಾಪ" ಎಂದು ಹೋಗುವಳು. ಯಾರಿಗೆ ಹೇಳಿದಳೋ.

ಇಂಟರ್ನೆಟ್ಟಿನಲ್ಲಿ ಹುಡುಕಿದರೆ ನನ್ನಂತೆ ಬೈಯುವವರು ಎಲ್ಲ ದೇಶದಲ್ಲೂ ಇದ್ದರು. ನನಗಿಂತ ಎಷ್ಟೋ ದೊಡ್ಡ ಕಂಪ್ಯೂಟರ್ ಇದ್ದವರ ಹೀರೋ ಕೂಡ ಅದೇ ಬೂದು ಬಣ್ಣದಲ್ಲಿ ಬಿದ್ದಿದ್ದ. ಆಟ ಮಾಡಿದವರೇ ಕ್ಷಮೆ ಕೇಳಿ, ಸರಿಮಾಡುತ್ತೇವೆ ಎಂದಿದ್ದರು. ಅದನ್ನೆಲ್ಲ ಗಂಡನಿಗೆ ಕಳಿಸಿದೆ. ಓದಿದರೋ ಇಲ್ಲವೋ, ಒಂದು ಹೆಬ್ಬೆರಳಿನ ಚಿತ್ರ ಒತ್ತಿ ಕಳಿಸಿದರು. ಕೊನೆಗೆ, ಬಂದು ಕಣ್ಣಾರೆ ನೋಡಿ ಎಂದೆ.

ಭಾನುವಾರ ಬಂದರು. ಹೊಸ್ತಿಲು ದಾಟುವಂತಿಲ್ಲವಲ್ಲ, ಸ್ಕೂಟರ್ ನಿಲ್ಲಿಸುವ ಶೀಟಿನ ಕೆಳಗೆ ಕುರ್ಚಿ ಹಾಕಿದೆ. ಅಳಿಯ ಒಳಗೆ ಬರಲಿಲ್ಲ. ಕಂಪ್ಯೂಟರೇ ಹೊರಗೆ ಹೋಯಿತು. ಸ್ಟೂಲಿನ ಮೇಲೆ ಮಾನಿಟರ್, ಮಣೆಯ ಮೇಲೆ ಸಿಪಿಯು, ಕಿಟಕಿಯಿಂದ ಎಳೆದ ಎಕ್ಸ್‌ಟೆನ್ಶನ್ ಬಾಕ್ಸ್. ಸೋನೆ ಹಿಡಿದಿತ್ತು. ಅಮ್ಮ ಬಾಗಿಲ ಹಿಂದೆ ನಿಂತು ಕಾಫಿಯನ್ನು ನನ್ನ ಕೈಯಲ್ಲಿ ದಾಟಿಸಿದಳು. ಪಕ್ಕದ ಮನೆಯ ತಮಿಳು ಅಕ್ಕ ಕಾಂಪೌಂಡಿನ ಮೇಲಿಂದ ಬಗ್ಗಿ ನೋಡಿದರು.

ಗಂಡ ಆಡಿದರು. ಹೀರೋ ಜಿಗಿದ, ನಿಂತ, ಬಿದ್ದ. ಮತ್ತೆ ಆಡಿದರು, ಮತ್ತೆ ಬಿದ್ದ. ಆಮೇಲೆ ನಾನು ಅದೇ ಕಂಪ್ಯೂಟರಿನಲ್ಲಿ ಅದಕ್ಕೆ ಅಷ್ಟೇ ಭಾರ ಹಾಕುವ ಒಂದು ರೇಸಿನ ಆಟ ಹಾಕಿಕೊಟ್ಟೆ. ಕಾರು ಎಲ್ಲೂ ಮುಗ್ಗರಿಸದೆ ಓಡಿತು. ಅವರಿಗೆ ನಗು ಬಂತು.

"ನೀ ಹೇಳಿದ್ದೇ ಸರಿ ಮಾರಾಯ್ತಿ. ಗೇಮೇ ದರಿದ್ರ. ಇದಕ್ಕೇನೂ ಆಗಿಲ್ಲ."

ಗೆದ್ದೆ ಎಂದುಕೊಂಡೆ. "ಹಾಗಿದ್ರೆ ಶ್ರಾವಣಕ್ಕೆ ಇದನ್ನೂ ತಗೊಂಡ್ ಹೋಗೋಣ" ಎಂದೆ.

ಅವರ ನಗು ಅಲ್ಲಿಗೇ ನಿಂತಿತು. ಕಾಫಿ ಲೋಟದ ತಳ ನೋಡಿದರು.

"ತಗೊಂಡ್ ಹೋಗಿ ಎಲ್ಲಿಡೋದು?"

"ನಮ್ಮ ರೂಮಲ್ಲಿ."

"ಅಲ್ಲಿ ಎಕ್ಸರ್‌ಸೈಜ್ ಸೈಕಲ್ ಇದೆಯಲ್ಲ."

ಆ ಸೈಕಲ್ಲನ್ನು ಯಾರೂ ತುಳಿದದ್ದಿಲ್ಲ. ಮಳೆಗಾಲದಲ್ಲಿ ಅತ್ತೆ ಅದರ ಮೇಲೆ ಸೀರೆ ಒಣಹಾಕುತ್ತಿದ್ದರು. ತೆಗೆಯಬಹುದಲ್ಲ ಎಂದೆ. "ಅಮ್ಮಂಗೆ ಹೆಂಗೆ ಹೇಳೋದು" ಎಂದರು. ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ, ಅದು ನನಗೆ ಗೊತ್ತು. ಅದಕ್ಕೇ ಹೆಚ್ಚು ನೋವಾಯಿತು. ಆಟ ಚೆನ್ನಾಗಿದ್ದರೂ ಅಷ್ಟೇ, ಕೆಟ್ಟಿದ್ದರೂ ಅಷ್ಟೇ. ನನ್ನದು ಎನ್ನುವ ಒಂದು ಮೇಜಿಗೆ ಆ ಮನೆಯಲ್ಲಿ ಯಾರೂ ಜಾಗ ನೋಡಿರಲಿಲ್ಲ. ನಾನು ಇಷ್ಟು ದಿನ ಸಾಕ್ಷಿ ಕೂಡಿಸಿದ್ದೇ ದಂಡ. ನಾನು ವಯರುಗಳನ್ನು ಒಂದೊಂದಾಗಿ ಕಿತ್ತು ಸುತ್ತಿದೆ.

"ಜಾಗ ಆದಾಗ ಹೇಳಿ ರೀ. ಇದನ್ನೂ ನನ್ನನ್ನೂ ಒಟ್ಟಿಗೇ ಕರ್ಕೊಂಡ್ ಹೋಗೋಕೆ ಬನ್ನಿ."

ಅವರು ಬಾಗಿಲ ಕಡೆ ನೋಡಿದರು. ರೈನ್‌ಕೋಟ್ ಹಾಕಿಕೊಂಡು ಹೊರಟರು.

ಬಾಗಿಲ ಹಿಂದಿದ್ದ ಅಮ್ಮನಿಗೆ ಎಲ್ಲ ಕೇಳಿಸಿತ್ತು. ಅವಳು ಬೈದಿದ್ದರೆ ಉತ್ತರ ಸಿದ್ಧವಿತ್ತು. ಬೈಯಲಿಲ್ಲ. ಸಿಪಿಯು ಒಳಗೆ ಒಯ್ಯಲು ಒಂದು ಕಡೆ ಕೈಕೊಟ್ಟಳು, ಸೆರಗಿನಿಂದ ಅದರ ಮೇಲಿನ ಹನಿ ಒರೆಸಿದಳು.

ಶ್ರಾವಣ ಬಂತು. ಶಿವಮೊಗ್ಗದಿಂದ ಫೋನ್ ಬರುತ್ತಿತ್ತು, ಊಟ ಆಯ್ತಾ ಎಂದು ಕೇಳುತ್ತಿದ್ದರು, ಜಾಗದ ಮಾತಿರಲಿಲ್ಲ. ಬೀದಿಯ ಹೊಸ ಮದುವೆಯ ಹುಡುಗಿಯರೆಲ್ಲ ಮಡಿಲು ತುಂಬಿಸಿಕೊಂಡು ಹೊರಟುಹೋಗಿದ್ದರು. ಒಂದು ಬೆಳಗ್ಗೆ ಅಮ್ಮ ಬಾಗಿಲಿಗೆ ನೀರು ಹಾಕುತ್ತಿದ್ದಾಗ ತಮಿಳು ಅಕ್ಕ ಕಾಂಪೌಂಡಿನಾಚೆಯಿಂದ ಕೇಳಿದರು, "ಏನಮ್ಮಾ, ಮಗಳು ಇನ್ನೂ ಹೋಗಿಲ್ವಾ? ಆಷಾಢ ಮುಗೀತಲ್ಲ?"

ನಾನು ಒಳಗೆ ಕಿವಿಗೊಟ್ಟು ನಿಂತೆ. ಜೀವಮಾನವಿಡೀ ತಿಥಿ, ವಾರ, ಜನರ ಬಾಯಿ ನೋಡಿಕೊಂಡೇ ಹೆಜ್ಜೆ ಇಟ್ಟವಳು ನನ್ನಮ್ಮ. ಕೈಯ ಚೊಂಬನ್ನು ಕೆಳಗಿಡದೆ ಹೇಳಿದಳು:

"ನಮ್ಮನೇಲಿ ಇನ್ನೂ ಮುಗಿದಿಲ್ಲ ಕಣ್ರೀ."