ಇಲಿಗೆ ಬುದ್ಧಿ ಕೊಡುವ ಕೆಲಸ

ಇಪ್ಪತ್ತು ವರ್ಷದ ಹಿಂದೆ ನಾನು ಮೈಸೂರಿನ ಲ್ಯಾಬೊಂದರಲ್ಲಿ ಸಂಶೋಧನೆ ಮಾಡುತ್ತಿದ್ದೆ. ರಜೆಗೆ ಚಳ್ಳಕೆರೆಗೆ ಬಂದರೆ ಸಾಕು, ಅವ್ವ "ಮಗಳು ಮೆದುಳಿಗೆ ಔಷಧಿ ಕಂಡುಹಿಡೀತಾಳೆ" ಎಂದು ಬೀದಿಗೆಲ್ಲ ಸಾರಿಬಿಡುತ್ತಿದ್ದಳು. ಒಂದು ಬೆಳಿಗ್ಗೆ ಕಾಫಿಗೆ ಬಂದ ದೊಡ್ಡಪ್ಪ ನನ್ನನ್ನು ಕೂರಿಸಿಕೊಂಡು ವಿಚಾರಿಸಿದರು. ಅವರದು ಶೇಂಗಾ ಎಣ್ಣೆಮಿಲ್ಲು.

"ಪೆಪ್ಟೈಡ್ ಅಂತ, ಪ್ರೋಟೀನಿನ ಚಿಕ್ಕ ತುಂಡು ದೊಡ್ಡಪ್ಪ. ಮಣಿ ಪೋಣಿಸಿದಂಗೆ ನಾವೇ ಜೋಡಿಸ್ತೀವಿ. ಮೆದುಳಿಗೆ ಪೆಟ್ಟಾದ್ರೂ ನೆನಪು ಉಳೀತೈತಾ ಅಂತ ನೋಡೋದು."

"ಭೇಷ್! ಯಾರಿಗೆ ಕೊಟ್ಟು ನೋಡ್ತೀರಿ?"

"ಇಲಿಗೆ."

ದೊಡ್ಡಪ್ಪ ಲೋಟ ಕೆಳಗಿಟ್ಟರು. "ಅಲ್ಲವ್ವಾ, ನಾನಿಲ್ಲಿ ಅವುನ್ನ ಸಾಯ್ಸಾಕೆ ಒದ್ದಾಡ್ತೀನಿ. ನೀನಲ್ಲಿ ಅವಕ್ಕೆ ಬುದ್ಧಿ ಕೊಡ್ತೀಯಾ?"

ಮಾರನೆಯ ದಿನವೇ ಅವರ ಗೋದಾಮಿನ ಇಲಿಬೋನಿನಲ್ಲಿ ವಡೆ ಮಾಯವಾಗಿತ್ತು, ಬಾಗಿಲು ಮಾತ್ರ ಬಿದ್ದಿರಲಿಲ್ಲ. ಖಾಲಿ ಬೋನು ಹಿಡಿದೇ ಮನೆಗೆ ಬಂದರು.

"ನಿನ್ ಔಷಧಿ ಕುಡಿದಿದ್ದೇ ಬಂದೈತೆ ನೋಡು."

"ಮೈಸೂರಿಂದ ಚಳ್ಳಕೆರೆಗಾ?"

"ನೆನಪು ಚೆನ್ನಾಗೈತಲ್ಲ, ದಾರಿ ಕೇಳೋದೇನೈತೆ?"

ಮೊಳಕಾಲ್ಮೂರಿನ ಅತ್ತೆಯದು ಬೇರೆಯೇ ಗೋಳು. ನಮ್ಮನೆಗೆಂದು ಇಬ್ಬರೂ ಬಂದಿದ್ದಾಗ ಮಾವ ಬಸ್‌ಸ್ಟ್ಯಾಂಡಿನಲ್ಲಿ ಅತ್ತೆಯನ್ನು ಮರೆತು, ರೇಷ್ಮೆ ಸೀರೆಯ ಗಂಟನ್ನು ಮಾತ್ರ ಜೋಪಾನವಾಗಿ ಹಿಡಿದು ವಾಪಸು ಊರಿನ ಬಸ್ಸು ಹತ್ತಿದ್ದರು.

"ಒಂದು ಶೀಸೆ ಕೊಡೇ. ಸಾರಿಗೆ ಹಾಕಿಬಿಡ್ತೀನಿ."

"ಮನುಷ್ಯರಿಗಲ್ಲ ಅತ್ತೆ ಅದು. ಅಲ್ಲದೆ ಹೊಟ್ಟೆಗೆ ಹೋದ್ರೆ ಬೇಳೆಯಂಗೆ ಅರಗಿಹೋಗ್ತೈತೆ. ಇಲಿಗೂ ಸೂಜಿ ಚುಚ್ಚೇ ಕೊಡ್ತೀವಿ."

ಅತ್ತೆಯ ಮುಖ ಅರಳಿತು. "ಚುಚ್ಚೋದಾ? ಅದನ್ನ ನಾನು ನೋಡ್ಕೊಂತೀನಿ ಬಿಡು."

ನಾನು ಕೊಡಲಿಲ್ಲ. ಮಾವ ಬಚಾವಾದರು.

ಮುಂದಿನ ವರ್ಷ ಪ್ರಯೋಗ ಮುಗಿಯಿತು. ನೀರಿನ ತೊಟ್ಟಿಯೊಳಗೆ ಅಡಗಿಸಿಟ್ಟ ಮೆಟ್ಟಿಲನ್ನು ಇಲಿಗಳು ನೆನಪಿಟ್ಟು ಹುಡುಕಬೇಕಿತ್ತು. ಪೆಪ್ಟೈಡು ಪಡೆದವೂ ಹೋಲಿಕೆಗೆಂದು ಬರೀ ಉಪ್ಪುನೀರು ಪಡೆದವೂ ಒಂದೇ ಸಮ ಕಂಗಾಲಾಗಿ ಸುತ್ತುಹೊಡೆದವು. ನಾನು ಮನೆಗೆ ಫೋನು ಮಾಡಿ ಅತ್ತುಬಿಟ್ಟೆ. ಅಲ್ಲೇ ಇದ್ದ ದೊಡ್ಡಪ್ಪ ಅವ್ವನ ಕೈಯಿಂದ ಫೋನು ಕಿತ್ತುಕೊಂಡರು.

"ಏನೂ ಬುದ್ಧಿ ಬರ್ಲಿಲ್ವಾ? ಒಂದಕ್ಕೂ?"

"ಇಲ್ಲ ದೊಡ್ಡಪ್ಪ."

"ದೇವರು ದೊಡ್ಡೋನು ಕಣವ್ವಾ!"

ವಾರದೊಳಗೆ ಲ್ಯಾಬಿಗೆ ಒಂದು ಡಬ್ಬಿ ಶೇಂಗಾ ಹೋಳಿಗೆ ಬಂತು. ಮುಖ ಸಪ್ಪೆ ಮಾಡಿಕೊಂಡಿದ್ದ ನನ್ನ ಗೈಡು ಒಂದು ತಿಂದು, ಯಾವ ಸಂತೋಷಕ್ಕೆ ಎಂದು ಕೇಳಿದರು. ಮನೆಯಲ್ಲಿ ಏನೋ ಶುಭಕಾರ್ಯ ಎಂದೆ. ಅವರು ಇನ್ನೊಂದು ತೆಗೆದುಕೊಂಡರು.