ವತ್ಸಲಾಬಾಯಿ ಉಸಿರು ನೋಡಲು ಕಲಿತದ್ದು

ಕುಂದಗೋಳ ಸೀಮೆಯ ಒಂದು ಸಣ್ಣ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ವತ್ಸಲಾಬಾಯಿ ಆಪರೇಟರ್ ಆಗಿದ್ದರು. ಜೊತೆಗಿದ್ದವರು ನಿವೃತ್ತರಾದ ಮೇಲೆ ಆ ಜಾಗಕ್ಕೆ ಯಾರೂ ಬರಲಿಲ್ಲ. ಎಂಬತ್ನಾಲ್ಕರ ಹತ್ತಿ ಸುಗ್ಗಿಯಲ್ಲಿ ಹಗಲಿನ ಪಾಳಿಯೂ ಅವರದೇ, ಸಂಜೆಯದೂ ಅವರದೇ. ಹುಬ್ಬಳ್ಳಿ ಕೇಳುವವರು, ಗದಗ ಕೇಳುವವರು, ಲೈನು ಕಡಿಯಿತೆಂದು ಬೈಯುವವರು. ಮನೆಯಲ್ಲಿ ತಾಯಿಗೆ ಅನ್ನ ಬಡಿಸುವಾಗಲೂ ಕಿವಿಯೊಳಗೆ ಗಂಟೆ ಹೊಡೆಯುತ್ತಿತ್ತು.

ಒಂದು ದಿನ ಗುಡಗೇರಿಯ ಕಾಳಿನ ವ್ಯಾಪಾರಿ ಈರಬಸಪ್ಪ, "ಏನ್ರಿ ಬಾಯಾರ, ಮಲಗೀರೇನು?" ಎಂದದ್ದೇ ತಡ, "ಹೌದ್ರಿ, ಮಲಗೇನಿ! ನೀವೇ ಬಂದು ಫೋನ್ ಹಚ್ಚಕೋರಿ!" ಎಂದು ಚೀರಿ ಹೆಡ್‌ಫೋನ್ ಕಿತ್ತು ಬಿಸಾಕಿದರು. ದೂರು ಹೋಯಿತು. ಮೇಲಧಿಕಾರಿ ಪಂಢರಿನಾಥರಾಯರು ಅವರನ್ನು ಕರೆಸಿ, "ನಿಮ್ಮ ಮನಸ್ಸಿಗೆ ಶಾಂತಿ ಬೇಕಾಗೇದ," ಎಂದು, ಕೆಲವು ದಿನದ ಮಟ್ಟಿಗೆ ಹುಬ್ಬಳ್ಳಿಯಿಂದ ಒಬ್ಬರನ್ನು ಎರವಲು ತಂದು, ಅವರನ್ನು ಧಾರವಾಡದ ಧ್ಯಾನ ಶಿಬಿರಕ್ಕೆ ಕಳಿಸಿದರು.

ಅಲ್ಲಿ ಕಲಿಸುತ್ತಿದ್ದವರು ಸರಸ್ವತೀಬಾಯಿ ಎಂಬ ವಯಸ್ಸಾದ ಹೆಂಗಸು. ಕಣ್ಣು ಮುಚ್ಚಿ ಉಸಿರನ್ನೇ ಗಮನಿಸುವುದು, ಮನಸ್ಸು ಎಲ್ಲಿಗಾದರೂ ಓಡಿದರೆ ಬೈಯದೆ ತಿರುಗಿ ಕರೆತರುವುದು, ಇಷ್ಟೇ ಪಾಠ. ಸುತ್ತ ಸದ್ದು ಅಡಗಿದಷ್ಟೂ ವತ್ಸಲಾಬಾಯಿಯ ಕಿವಿಯ ಗಂಟೆ ಜೋರಾಯಿತು.

"ನನ್ನ ಕೈಲೆ ಆಗೂದಿಲ್ರಿ. ಗಂಟಿ ನಿಲ್ಲವಲ್ದು," ಎಂದು ಎದ್ದುಬಿಟ್ಟರು.

"ನಿಲ್ಲಸ್ಲಿಕ್ಕೆ ಹೋಗಬ್ಯಾಡ್ರಿ. ಹೊಡೀತದ ಅಂತ ಗೊತ್ತಾದ್ರ ಸಾಕು. ಕೂಡ್ರಿ."

ಆ ಮಾತಿಗೂ ಮೈ ಉರಿಯಿತು. ಆದರೂ ಕೂತರು. ಶಿಬಿರ ಮುಗಿಯುವ ಹೊತ್ತಿಗೆ, ಸಿಟ್ಟು ನಾಲಿಗೆಗೆ ಬರುವ ಮುಂಚೆ ದವಡೆ ಬಿಗಿಯುವುದು ಅವರಿಗೆ ತಿಳಿಯತೊಡಗಿತ್ತು.

ತಿರುಗಿ ಬಂದರೆ ಲೈನು ಜೋಡಿಸುವ ಅದೇ ಬೋರ್ಡು, ಅದೇ ಒಂಟಿ ಕುರ್ಚಿ. ಒಂದು ಉಸಿರು ಗಮನಿಸುವಷ್ಟರಲ್ಲಿ ಇನ್ನಷ್ಟು ಕರೆಗಳು ಬಂದು ನಿಲ್ಲುತ್ತಿದ್ದವು. ಈರಬಸಪ್ಪ ಮತ್ತೆ ಬೈದ. ಈ ಸಲ ಅವರು ಚೀರಲಿಲ್ಲ. ಆದರೆ ಸಿಟ್ಟು ಹೋಗಿರಲಿಲ್ಲ; ಅದು ಈರಬಸಪ್ಪನ ಮೇಲಿನದಲ್ಲ ಎಂಬುದಷ್ಟೇ ಈಗ ಸ್ಪಷ್ಟವಾಗಿತ್ತು. ನೇರವಾಗಿ ರಾಯರ ಮುಂದೆ ಹೋಗಿ ನಿಂತರು.

"ಉಸಿರು ನೋಡೂದು ಕಲತೇನ್ರಿ. ಇನ್ನ ಬೋರ್ಡಿಗೆ ಇನ್ನೊಬ್ಬರನ್ನ ಕೊಡ್ರಿ."

"ಸಿಟ್ಟು ಇನ್ನೂ ಇಳಿದಿಲ್ಲ ನೋಡ್ರಿ. ಮತ್ತೊಂದು ಶಿಬಿರಕ್ಕ ಹೋಗ್ತೀರೇನು?"

"ಹೋಗ್ತೇನ್ರಿ. ಅಲ್ಲೀತನಕಾ ಬೋರ್ಡಿನ ಮುಂದ ಯಾರು ಕೂಡ್ತಾರ, ನೀವೋ?"

ಮರುದಿನದಿಂದ ವತ್ಸಲಾಬಾಯಿ ಹಗಲಿನ ಪಾಳಿ ಮುಗಿದೊಡನೆ ಚೀಲ ಹೆಗಲಿಗೇರಿಸಿ ಮನೆಗೆ ನಡೆದರು. ಸಂಜೆಯ ಫೋನುಗಳೆಲ್ಲ ಮೂಕವಾದವು. ವ್ಯಾಪಾರಿಗಳ ದೂರು ರಾಯರನ್ನು ದಾಟಿ ಮೇಲೆ ಹೋಯಿತು. ಮಳೆಗಾಲಕ್ಕೆ ಮೊದಲೇ ಶಹನಾಜ ಎಂಬ ಹೊಸ ಆಪರೇಟರ್ ಬಂದಳು. ವತ್ಸಲಾಬಾಯಿಗೆ ಚಹಾ ಬಿಸಿ ಇರುವಾಗಲೇ ಕುಡಿಯುವಂತಾಯಿತು. ಅವಸರದಲ್ಲಿ ತಪ್ಪು ಲೈನು ಜೋಡಿಸುವುದೂ ನಿಂತಿತು.

ಆಮೇಲೆ ತಪಾಸಣೆಗೆ ಬಂದ ದೊಡ್ಡ ಸಾಹೇಬರಿಗೆ ರಾಯರು ವತ್ಸಲಾಬಾಯಿಯನ್ನು ತೋರಿಸಿ, "ನಮ್ಮ ಶಿಬಿರದ ಪರಿಣಾಮ ನೋಡ್ರಿ, ಅಗದಿ ಶಾಂತ ಆಗ್ಯಾರ," ಎಂದರು.

"ಶಹನಾಜ ಬಂದ ಪರಿಣಾಮ್ರಿ ಅದು," ಎಂದರು ವತ್ಸಲಾಬಾಯಿ.

ಸಾಹೇಬರು ಅದನ್ನು ಚೇಷ್ಟೆಯೆಂದುಕೊಂಡು ನಕ್ಕು ಮುಂದೆ ಹೋದರು. ದವಡೆ ಬಿಗಿಯುತ್ತಿರುವುದು ವತ್ಸಲಾಬಾಯಿಗೆ ತಿಳಿಯಿತು; ಹೆಡ್‌ಫೋನ್ ಏರಿಸಿಕೊಂಡು ಮುಂದಿನ ಕರೆ ಜೋಡಿಸಿದರು.