ಮರ ‘ಬಂತು’ ಎಂದು ಕೂಗಿದ್ದು

ಎರಡು ಸಾವಿರದ ಇಸವಿ ದಾಟಿ ಒಂದೆರಡು ವರ್ಷವಾಗಿತ್ತು. ಅಣ್ಣ ಹಾವೇರಿಯಿಂದ ಮರ ಕೊಯ್ಯುವ ಮಷಿನ್ ತಂದ ದಿನವೇ ಅವ್ವ ಅದನ್ನು ಗೋಣಿಚೀಲದಲ್ಲಿ ಸುತ್ತಿ ಅಟ್ಟಕ್ಕೇರಿಸಿದಳು. ಬಲ್ಲವರು ಬಂದು ಕಲಿಸುವ ತನಕ ಯಾರೂ ಮುಟ್ಟುವಂತಿರಲಿಲ್ಲ.

ಕಲಿಸುವವರು ರಾಣೆಬೆನ್ನೂರಿನಿಂದ ಬಂದರು. ಅಗಡಿಯ ನಮ್ಮ ಹೊಲದ ಬದುವಿನಲ್ಲಿ, ರಸ್ತೆಗುಂಟ ಬಸ್ ನಿಲ್ದಾಣದ ಕಡೆಗೆ ವಾಲಿದ್ದ ನೀಲಗಿರಿಯೇ ಪಾಠದ ಮರ. ಚೈನು ಎಷ್ಟು ಬಿಗಿ ಇರಬೇಕು, ಅದರ ಹಲ್ಲನ್ನು ಅರದಿಂದ ಹೇಗೆ ಮಸೆಯಬೇಕು, ಎಣ್ಣೆ ಯಾವಾಗ ಹಾಕಬೇಕು, ಎಲ್ಲ ಹೇಳಿದರು. ಮರದ ಎತ್ತರದ ಎರಡರಷ್ಟು ದೂರದೊಳಗೆ ನರಪಿಳ್ಳೆಯೂ ಇರಬಾರದು ಎಂದರು. ಮರ ವಾಲಿದೊಡನೆ ಒಬ್ಬರು ‘ಬಿತ್ತು’ ಎಂದು ಕೂಗಬೇಕಂತೆ.

ಅವ್ವನ ಮುಖ ಕೆಂಪಾಯಿತು. “ಅಂಥಾ ಮಾತು ಬ್ಯಾಡ್ರಿ ಸರ. ಮಗ ಮರದ ಬುಡಕ ನಿಂತಾನ, ಬಿತ್ತು ಅಂತ ಒದರೂದೇನ್ರಿ? ಬಂತು ಅನ್ರಿ.”

ನಮ್ಮ ಮನೆಯಲ್ಲಿ ದೀಪ ಆರುವುದಿಲ್ಲ, ಶಾಂತವಾಗುತ್ತದೆ. ಯಾರೂ ಹೋಗುವುದಿಲ್ಲ, ಬರುತ್ತೇವೆ ಎಂದು ಹೇಳಿಯೇ ಹೊರಡುತ್ತೇವೆ. ಕಲಿಸಲು ಬಂದ ಗುರುಗಳಿಗೆ ವಾದ ಮಾಡಿ ಸಾಕಾಯಿತು. “ಏನರ ಅನ್ರಿ, ಜೋರಾಗಿ ಅನ್ರಿ” ಎಂದರು. ಮನೆಯಲ್ಲಿ ದೊಡ್ಡ ಗಂಟಲು ನನ್ನದು, ಆ ಕೆಲಸ ನನಗೇ ಬಿತ್ತು.

ಕಣ್ಣಿಂದ ನೋಡಲಾರೆ ಎಂದು ಅವ್ವ ದೂರದ ಬಸ್ ನಿಲ್ದಾಣಕ್ಕೆ ಹೋಗಿ, ನಮ್ಮತ್ತ ಬೆನ್ನು ಮಾಡಿ ನಿಂತಳು. ಬ್ಯಾಡಗಿಯ ಅಕ್ಕನ ಮನೆಗೆ ಹೋಗುವ ಚೀಲವೂ ಕೈಯಲ್ಲಿತ್ತು. ಬಸ್ಸು ಬಹಳ ತಡವಾಗಿತ್ತು. ಆ ಬಸ್ಸಾದರೂ ಎಂದೂ ನಿಲ್ದಾಣದಲ್ಲಿ ನಿಂತದ್ದಿಲ್ಲ. ಮುಂದೆ ಬಂದು ನಮ್ಮ ಬದುವಿನ ಹತ್ತಿರವೇ ನಿಲ್ಲುತ್ತಿತ್ತು.

ಅಣ್ಣ ಕೊಯ್ಯುತ್ತಿದ್ದಂತೆ ಮರ ಕಿರುಗುಟ್ಟಿತು. ಅಣ್ಣ ಹೇಳಿಕೊಟ್ಟಂತೆ ಇಂಜಿನ್ ಬಂದ್ ಮಾಡಿ ಓರೆಯಾಗಿ ಹಿಂದೆ ಸರಿದ. ನಾನು ಎದೆ ತುಂಬ ಉಸಿರೆಳೆದು ಕೂಗಿದೆ: “ಬಂತೋ, ಬಂತು!”

ನಿಲ್ದಾಣಕ್ಕೆ ನಿಲ್ದಾಣವೇ ಎದ್ದು ನಮ್ಮ ಕಡೆ ಓಡಿಬಂತು. ಹಾಲಿನ ಕ್ಯಾನು, ಕೋಳಿ, ಕೊಡೆ, ಎಲ್ಲ. ಸೀಟು ಹಿಡಿಯುವ ಆತುರ. ಆ ಮಾತು ಕೊಟ್ಟವಳೂ ಅವ್ವ, ಎಲ್ಲರಿಗಿಂತ ಮುಂದೆ ಓಡಿದವಳೂ ಅವ್ವ. ನಾನು ಕೈ ಬೀಸಿದಷ್ಟೂ, ಬಸ್ಸು ನಿಲ್ಲಿಸುತ್ತಿದ್ದಾಳೆ ಮಗಳು ಎಂದುಕೊಂಡು ಇನ್ನೂ ಜೋರಾಗಿ ಬಂದಳು. ಮಷಿನ್ ಸದ್ದಿಗೆಂದು ಕಿವಿ ಮುಚ್ಚಿಕೊಂಡಿದ್ದ ಅಣ್ಣನಿಗೂ ಗುರುಗಳಿಗೂ ಏನೂ ಕೇಳಿಸುತ್ತಿರಲಿಲ್ಲ. ನನ್ನ ಜೀವ ಬಾಯಿಗೆ ಬಂತು.

“ಅವ್ವಾ, ಬಿತ್ತು! ಸಾಯ್ತಿ! ಹೆಣಾ ಆಗ್ತಿ!”

ಹಿಂದೆ ಬರುತ್ತಿದ್ದವರು ಗಕ್ಕನೆ ನಿಂತರು. ಅವ್ವ ಮಾತ್ರ ಸಿಟ್ಟಿನಿಂದ ನಿಂತಳು. ಚೀಲ ಕೆಳಗಿಟ್ಟು, ಬೆರಳೆತ್ತಿ, “ಏನಂದಿ? ಹಡದವ್ವಗ ಹೆಣಾ ಅಂತಿ?” ಎಂದು ಶುರುಮಾಡಿದಳು. ಅಷ್ಟರಲ್ಲಿ ಮರ ಬಿತ್ತು. ತುದಿಯ ಟೊಂಗೆಗಳು ಅವಳ ಮುಂದಿದ್ದ ಚೀಲವನ್ನು ಅಪ್ಪಚ್ಚಿ ಮಾಡಿದವು.

ಧೂಳು ಇಳಿದಾಗಲೂ ಬೆರಳು ಎತ್ತಿಯೇ ಇತ್ತು. ನಾನು ಓಡಿಹೋಗಿ ತಬ್ಬಿಕೊಂಡು ಅತ್ತೆ. ಅವ್ವ ಅಪ್ಪಚ್ಚಿಯಾದ ಚೀಲದ ಕಡೆ ನೋಡಿದಳು.

“ಬೈಯಾಕ ನಿಂತೆ ನೋಡ” ಎಂದಳು. “ನಿಂದರಲಿಲ್ಲಂದ್ರ ನಾನು...”

ಮುಂದಿನ ಮಾತು ಅಶುಭದ್ದು. ಅದನ್ನು ಅವ್ವ ಇವತ್ತಿಗೂ ಮುಗಿಸಿಲ್ಲ.